ಮಂತ್ರಿಗೆ ಗೆಳೆಯನ ಪರಿಚಯ, ಕಾಗದ ಬರೀಬಹುದಾ?

ಕೊಡಗಿನ ಗೋಣಿಕೊಪ್ಪದ ಓದುಗರೊಬ್ರು ಕೇಳಿದ್ದಾರೆ: ನನ್ನ ಗೆಳೆಯರೊಬ್ರು ಲಾಯರ್, ಜಮ್ಮಾ ಬಾಣೆ (ಕೊಡಗಲ್ಲಿ ಕುಟುಂಬಗಳಿಗೆ ತಲೆತಲಾಂತರದಿಂದ ಬಂದ ಜಮೀನು) ರೆಕಾರ್ಡ್ ವಿಷ್ಯ ಅಂದ್ರೆ ಸುತ್ತಮುತ್ತಲಿನವ್ರೆಲ್ಲ ಅವರನ್ನೇ ಹುಡುಕ್ಕೊಂಡು ಬರ್ತಾರೆ, ನಂಗೆ ಒಬ್ರು ಮಂತ್ರಿ ಪರಿಚಯ ಇದ್ದಾರೆ, ಇವರ ಬಗ್ಗೆ ಒಂದು ಕಾಗದ ಬರೆದ್ರೆ ತಪ್ಪಾ, ಬರೆಯೋದಾದ್ರೆ ಏನಂತ ಬರೀಲಿ?

ಉತ್ತರ: ತಪ್ಪೇನಿಲ್ಲ ಸಾರ್, ಬರೀರಿ. ಹಳೇ ಕಾಲದ ರೋಮ್‌ನಲ್ಲಿ ದೊಡ್ಡ ಭಾಷಣಕಾರ, ರಾಜಕಾರಣಿ ಸಿಸೆರೋ ಕೂಡ ಇದನ್ನೇ ಮಾಡಿದ್ದ. ಕ್ರಿ.ಪೂ. 54ರಲ್ಲಿ ರೋಮ್‌ನ ಸೇನಾಪತಿ ಜೂಲಿಯಸ್ ಸೀಸರ್ ದಂಡು ಕಟ್ಕೊಂಡು ಗಾಲ್‌ನಲ್ಲಿ, ಅಂದ್ರೆ ಈಗಿನ ಫ್ರಾನ್ಸ್ ಕಡೆ ಇದ್ದಾಗ, ಟ್ರೆಬೇಷಿಯಸ್ ಅನ್ನೋ ವಕೀಲನ ಪರವಾಗಿ ಸಿಸೆರೋ ಸೀಸರ್‌ಗೆ ಕಾಗದ ಬರೆದ. ಒಳ್ಳೆಯವನು, ಸಂಕೋಚದ ಮನುಷ್ಯ, ಕಾನೂನಲ್ಲಿ ಇವನನ್ನ ಮೀರಿಸೋರಿಲ್ಲ, ನೆನಪಿನ ಶಕ್ತಿ ಅಂತೂ ವಿಪರೀತ, ಇಷ್ಟು ಹೇಳಿ, ಇಂಥದ್ದೇ ಹುದ್ದೆ ಕೊಡು ಅಂತ ಮಾತ್ರ ಕೇಳ್ಲಿಲ್ಲ ನೋಡಿ, ನಿನ್ನ ವಿಶ್ವಾಸ ಇವನ ಮೇಲಿರ್ಲಿ ಅಂದ ಅಷ್ಟೇ. ಹಿಂದೆ ಒಂದ್ಸಲ ಸವಕಲು ಮಾತು ಬರೆದು ಸೀಸರ್ ಹತ್ರ ತಮಾಷೆ ಮಾಡಿಸ್ಕೊಂಡಿದ್ದ, ಅದಕ್ಕೇ ಈ ಸಲ ನೇರವಾಗಿ ಬರೆದಿದ್ದು.

ನೀವೂ ಹಾಗೇ ಮಾಡಿ. ಹುತ್ತರಿ ಹಬ್ಬಕ್ಕೆ ನಮ್ಮನೆಗೆ ಬಂದಿದ್ರಿ ನೆನಪಿದ್ಯಾ ಅಂತ ಶುರು ಮಾಡ್ಬೇಡಿ, ಅದು ಋಣ ನೆನಪಿಸ್ದಂಗೆ ಆಗತ್ತೆ, ಮಂತ್ರಿಗಳಿಗೆ ಅಂಥ ಕಾಗದ ದಿನಾ ಬರ್ತವೆ. 'ಪ್ರಾಮಾಣಿಕರು, ಪರಿಶ್ರಮಿ' ಅನ್ನೋದೂ ಬೇಡ. ತಾತನ ಕಾಲದ ಪಟ್ಟೇದಾರರ (ಕುಟುಂಬದ ಯಜಮಾನರ) ಹೆಸರೇ ಇನ್ನೂ ಆರ್‌ಟಿಸಿಯಲ್ಲಿ, ಅಂದ್ರೆ ಪಹಣಿಯಲ್ಲಿ ಕೂತಿರೋ ಒಂದು ಕುಟುಂಬದ ಕೇಸನ್ನ ಇವರು ಹೆಂಗೆ ಬಿಡಿಸಿದ್ರು, ನೀವು ಕಣ್ಣಾರೆ ನೋಡಿದ್ದು ಒಂದಿದ್ರೆ ಅದನ್ನ ನಾಕು ಸಾಲಲ್ಲಿ ಬರೀರಿ. ಜಮ್ಮಾ ವಿಷ್ಯ ಬಲ್ಲವರು ಅಂದ್ರೆ ಕೊಡಗಿಗೆ ಸಂಬಂಧಪಟ್ಟ ಯಾವ ರಾಜಕಾರಣಿಗಾದ್ರೂ ಬೇಕೇ ಬೇಕು. ಗೆಳೆಯರು ನಾಳೆ ಕೈಕೊಟ್ರೆ ಹೆಸರು ಕೆಡೋದು ನಿಮ್ದು, ಹಾಗಾಗಿ ಗೊತ್ತಿಲ್ಲದ್ದು ಒಂದಕ್ಷರ ಬೇಡ.

ಆದ್ರೆ ಅವ್ರ ಹೆಂಡ್ತಿ ಟೀಚರ್ರು, ಟ್ರಾನ್ಸ್‌ಫರ್‌ಗೂ ಒಂದು ಮಾತು ಸೇರಿಸ್ಲಾ ಅಂತ ಕೊನೇಲಿ ಕೇಳಿದ್ದೀರಲ್ಲ, ಅದು ಬೇಡವೇ ಬೇಡ. ಸರ್ಕಾರಿ ನೌಕರರು ಸರ್ವಿಸ್ ವಿಷ್ಯಕ್ಕೆ ರಾಜಕೀಯ ಪ್ರಭಾವ ತರಬಾರ್ದು ಅಂತ ನಡತೆ ನಿಯಮದಲ್ಲೇ ಇದೆ, ಅವರಿಗೇ ತೊಂದ್ರೆ.

ಇನ್ನೊಂದು, ಗೆಳೆಯರಿಗೆ ನಿಜವಾಗ್ಲೂ ಮಂತ್ರಿ ಹತ್ರ ಕೆಲ್ಸಕ್ಕೆ ಹೋಗೋ ಮನಸ್ಸಿದ್ಯಾ ಕೇಳಿದ್ರಾ? ಟ್ರೆಬೇಷಿಯಸ್ ಗಾಲ್‌ಗೆ ಹೋಗಿ ರೋಮ್ ನೆನೆಸ್ಕೊಂಡು ಗೊಣಗೋಕೆ ಶುರು ಮಾಡಿದ, ನೀನು ಸೀಸರ್ ಹತ್ರ ಶಿಫಾರಸಿನ ಕಾಗದ ಅಲ್ಲ, ಹಣ ವಸೂಲಿ ಪತ್ರ ತಗೊಂಡು ಹೋದವನ ಥರ, ದುಡ್ಡು ಎಣಿಸ್ಕೊಂಡು ವಾಪಸ್ ಬರೋಕೆ ಆತುರ ಮಾಡ್ತಿದ್ದೀಯ ಅಂತ ಸಿಸೆರೋನೇ ರೇಗಿಸ್ಬೇಕಾಯ್ತು. ಬೆಂಗಳೂರಲ್ಲಿ ತಿಂಗಳುಗಟ್ಲೆ ಇರಿ ಅಂದ್ರೆ, ಕಾಫಿ ಕೊಯ್ಲಿನ ಟೈಮಲ್ಲಿ ನಿಮ್ಮ ಲಾಯರ್ ಇರ್ತಾರಾ? ಮೊದ್ಲು ಅದನ್ನ ಕೇಳಿ, ಆಮೇಲೆ ಕಾಗದಕ್ಕೆ ಕೈ ಹಾಕಿ.