ಆಸ್ಪತ್ರೆ ಬಿಲ್ ಇಲ್ಲ, ಆದರೂ ಸಾಲ ಏರ್ತಿದೆ

ಪ್ರಶ್ನೆ: ನಮ್ಮದು ಮದ್ದೂರು ತಾಲ್ಲೂಕಿನ ಹಳ್ಳಿ. ಅತ್ತೆಗೆ ಸ್ತನ ಕ್ಯಾನ್ಸರ್. ಮೈಸೂರಿನಲ್ಲಿ ಕೀಮೋ ನಡೀತಿದೆ. ಬಿಪಿಎಲ್ ಕಾರ್ಡ್ ಇರೋದರಿಂದ ಬಿಲ್ ಇಲ್ಲ. ಆದರೂ ಓಲೆ, ಸರ ಅಡವಿಟ್ಟಾಯ್ತು. ಈಗ ಸಂಘದ ಕಂತು ಕಟ್ಟೋಕೆ ಕೈಸಾಲ ಮಾಡ್ತಿದ್ದೇವೆ. ಜೊತೆಗೆ ಹೋಗೋಳು ನಾನೊಬ್ಬಳೇ. ಗಾರ್ಮೆಂಟ್ಸ್ ಕೆಲಸ ಬಿಟ್ಟುಬಿಡಲಾ?

ಉತ್ತರ (ಆಸ್ಪತ್ರೆಯ ಸಮಾಜ ಕಾರ್ಯಕರ್ತೆ): ದಯವಿಟ್ಟು ಈಗಲೇ ಬಿಡಬೇಡಿ. ಮನೆಗೆ ತಿಂಗಳು ತಿಂಗಳು ಬರೋ ದುಡ್ಡು ಅದೊಂದೇ ಇರಬಹುದು. ಕೀಮೋ ಹೆಚ್ಚಾಗಿ 21 ದಿನಕ್ಕೊಮ್ಮೆ ಇರುತ್ತದೆ, ಕೆಲವರಿಗೆ ವಾರಕ್ಕೊಮ್ಮೆ. ಮುಂದಿನ ತಾರೀಖುಗಳನ್ನು ಡಾಕ್ಟರ್ ಹತ್ತಿರ ಬರೆಸಿಕೊಂಡು ಸೂಪರ್‌ವೈಸರ್‌ಗೆ ಮೊದಲೇ ತೋರಿಸಿ, ರಜೆ ಕೇಳಿ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಆದರೆ ಆಟೋ, ಜೊತೆಗಿರುವವರ ಊಟ, ತಪ್ಪಿದ ಸಂಬಳ ಅದರಲ್ಲಿ ಬರಲ್ಲ. ಸಾಲ ಹುಟ್ಟೋದೇ ಅಲ್ಲಿ. ಮಾತ್ರೆ, ಸ್ಕ್ಯಾನಿಂಗ್ ಹೊರಗೆ ಮಾಡಿಸಿ ಅಂದರೆ ಸುಮ್ನೆ ದುಡ್ಡು ಕೊಡಬೇಡಿ. ಯೋಜನೆಗೆ ಸೇರಿದ ಆಸ್ಪತ್ರೆಯಲ್ಲಿ ಆರೋಗ್ಯ ಮಿತ್ರ ಇರುತ್ತಾರೆ. ಇದು ಪ್ಯಾಕೇಜಿನಲ್ಲಿ ಬರುತ್ತಾ ಅಂತ ಅವರನ್ನು ಕೇಳಿ.

ನೀವಿಬ್ಬರೂ ಹೆಂಗಸರು, ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಆದರೂ ಕೀಮೋ ಆದ ಒಂದೆರಡು ವಾರ ಬಿಳಿ ರಕ್ತಕಣ ಇಳಿದು ಸೋಂಕು ಬೇಗ ತಗಲುತ್ತದೆ. ಆಗ ತುಂಬಿದ ಬಸ್ಸಿನಲ್ಲಿ ನಿಲ್ಲಿಸಿ ಕರೆದೊಯ್ಯೋಕೆ ಆಗಲ್ಲ, ಅಲ್ವಾ? ಅದಕ್ಕೇ ರೈಲು ನೋಡಿ. ಚಿಕಿತ್ಸೆಗೆ ಹೋಗೋ ಕ್ಯಾನ್ಸರ್ ರೋಗಿಗೂ ಜೊತೆಗಿರುವ ಒಬ್ಬರಿಗೂ ಸೆಕೆಂಡ್ ಕ್ಲಾಸ್ ಟಿಕೆಟ್ಟಿನಲ್ಲಿ 75% ರಿಯಾಯಿತಿ ಇದೆ. ಆಸ್ಪತ್ರೆಯಲ್ಲಿ ರೈಲ್ವೆ ಫಾರಂ ತುಂಬಿಸಿ, ಸಹಿ ಸೀಲು ಹಾಕಿಸಿಕೊಳ್ಳಿ. ಮುಂದೆ ರೇಡಿಯೇಷನ್ ಹೇಳಿದರೆ ವಾರದಲ್ಲಿ ಐದು ದಿನ, ಕೆಲವು ವಾರ ಓಡಾಡಬೇಕು. ಖರ್ಚು ಜಾಸ್ತಿ ಆಗೋದು ಆಗಲೇ. ಹತ್ತಿರದಲ್ಲಿ ಉಳಿಯೋಕೆ ಜಾಗ ಇದೆಯಾ ಅಂತ ಮೊದಲೇ ವಿಚಾರಿಸಿ.

ಸಾಲ ತೀರಿಸೋಕೆ ಸಾಲ ಮಾತ್ರ ಬೇಡ. ಸಂಘದವರಿಗೆ ಕಾಯಿಲೆಯ ಕಾಗದ ತೋರಿಸಿ, ಕಂತಿಗೆ ಸಮಯ ಕೇಳಿ.

ಇನ್ನು ನಿಮ್ಮ ಒಂಟಿತನ. ನೋಡೋಕೆ ಬಂದವರು ಸೇಬು, ಹಾರ್ಲಿಕ್ಸ್ ತರ್ತಾರೆ. ಅವರಿಗೆ ಕಾಫಿ ಕಾಸೋದೂ ನೀವೇ. "ಏನಾದ್ರೂ ಬೇಕಿದ್ರೆ ಹೇಳಮ್ಮ" ಅಂದಾಗ ತಲೆ ತಗ್ಗಿಸಬೇಡಿ, ಹೇಳಿಬಿಡಿ. ನಾದಿನಿ ಒಂದು ಕೀಮೋಗೆ ಹೋಗಿ ಬರಲಿ. ಪಕ್ಕದ ಮನೆಯವರು ಅವತ್ತು ಹಸುವಿಗೆ ಹುಲ್ಲು ಹಾಕಲಿ. ಯಜಮಾನರೂ ಒಂದು ಸರದಿ ಹೋಗಲಿ, ಅವರ ತಾಯಿಯೇ ತಾನೇ? ನಿಮಗೆ ನಿದ್ದೆ ಬರದೆ, ಊಟ ಸೇರದೆ ಎರಡು ವಾರ ಆಗಿದ್ದರೆ ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಅಲ್ಲಿನ ಕೌನ್ಸೆಲರ್ ಹತ್ತಿರ ನಿಮಗಾಗಿಯೇ ಸಮಯ ಕೇಳಿ.