ವೆಬ್ ಪುಟ ಕಟ್ಟುವ ವ್ಯೂ ಫ್ರೇಮ್‌ವರ್ಕ್‌ನ ಟೆಂಪ್ಲೇಟ್‌ನಲ್ಲಿ ಸ್ಥಿತಿ ನೋಡಿ ಕ್ಲಾಸ್ ಹಾಕಲು ಟರ್ನರಿ ಒಳ್ಳೆಯದಾ, ಆಬ್ಜೆಕ್ಟ್ ಒಳ್ಳೆಯದಾ?

ಒಂದೇ ಸಾಲಲ್ಲಿ 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಅನ್ನುವ ಟರ್ನರಿನಾ, ಪ್ರತಿ ಕ್ಲಾಸ್ ಹೆಸರಿನ ಎದುರು ಅದರ ಷರತ್ತು ಬರೆಯುವ ಆಬ್ಜೆಕ್ಟಾ ಅನ್ನುವುದು ಆಮೇಲೆ. ನಿಮ್ಮ ಕೋಡ್‌ನಲ್ಲಿ 'ಬಿಜಿ-' (ಅಂದರೆ ಹಿನ್ನೆಲೆ ಬಣ್ಣ) ಅಂತ ಬರೆದು, ಬಣ್ಣದ ಹೆಸರು ಸೇರಿಸಿ, ಕೊನೆಗೆ '-100' ಅಂಟಿಸಿದ್ದೀರಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ರೆಡಿಮೇಡ್ ಕ್ಲಾಸ್ ಹೆಸರುಗಳಿಂದ ಪುಟಕ್ಕೆ ಬಣ್ಣ, ಅಳತೆ ಕೊಡುವ ಟೇಲ್‌ವಿಂಡ್ ಜೊತೆ ನಾನೂ ಹೀಗೇ ಬರೆದಿದ್ದೆ.

ಚಿಕ್ಕಮಗಳೂರಿನ ಒಬ್ಬ ಕಾಫಿ ವ್ಯಾಪಾರಿಯ ಗೋಡೌನ್‌ಗೆ ಲಾಟ್‌ಗಳ ಪಟ್ಟಿ ಮಾಡಿಕೊಟ್ಟಿದ್ದೆ. ಆಲ್ದೂರು, ಮೂಡಿಗೆರೆ ಕಡೆಯಿಂದ ಮೂಟೆ ಬರುತ್ತದೆ. ತೂಕ ಹಾಕಿ, ಮೀಟರ್‌ನಲ್ಲಿ ತೇವಾಂಶ ನೋಡಿ, ಟ್ಯಾಬ್‌ನಲ್ಲಿ ಬರೆಯುತ್ತಾರೆ. ಪಾರ್ಚ್‌ಮೆಂಟ್ (ಹಣ್ಣಿನ ತಿರುಳು ತೆಗೆದು ಒಣಗಿಸಿದ ಬೀಜ) ಆದರೆ 10%, ರೊಬಸ್ಟಾ ಚೆರ್ರಿ (ಹಣ್ಣಿನ ಸಮೇತ ಒಣಗಿಸಿದ್ದು) ಆದರೆ 11% ದಾಟಬಾರದು. ದಾಟಿದರೆ ಆ ಸಾಲು ಕೆಂಪಾಗಬೇಕು, ಮೂಟೆ ಮತ್ತೆ ಕಣಕ್ಕೆ ಹೋಗಬೇಕು. ಗೋಡೌನ್ ಹುಡುಗರು ಅಂಕಿ ಓದುತ್ತಿರಲಿಲ್ಲ, ಬಣ್ಣ ನೋಡುತ್ತಿದ್ದರು. ಅವರದ್ದೇನೂ ತಪ್ಪಿಲ್ಲ, ಪಟ್ಟಿ ಮಾಡಿಸಿದ್ದೇ ಅದಕ್ಕೆ.

ಕೆಂಪು ಚೆನ್ನಾಗೇ ಬರುತ್ತಿತ್ತು. ಒಂದು ದಿನ ಯಾವುದೋ ಹಳೆಯ ಟ್ರಯಲ್ ಪೇಜ್ ಅಳಿಸಿದೆ. ಪಟ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ ಅಂದುಕೊಂಡಿದ್ದೆ. ಅವತ್ತಿನಿಂದ ಕೆಂಪು ಹೋಯಿತು. ಎರರ್ ಇಲ್ಲ, ಕನ್ಸೋಲ್‌ನಲ್ಲಿ ಒಂದು ಮಾತೂ ಇಲ್ಲ. ಎಲಿಮೆಂಟ್ ಮೇಲೆ ಕ್ಲಾಸ್ ಹೆಸರು ಸರಿಯಾಗೇ ಕೂತಿತ್ತು. ಆ ಹೆಸರಿಗೆ ಸಿಎಸ್‌ಎಸ್‌ನಲ್ಲಿ, ಅಂದರೆ ಪುಟದ ಬಣ್ಣ-ರೂಪ ಹೇಳುವ ಫೈಲ್‌ನಲ್ಲಿ, ರೂಲ್ ಮಾತ್ರ ಇರಲಿಲ್ಲ.

ಯಾಕೆ ಅಂತ ಬಿಡಿಸಿ ಹೇಳುತ್ತೇನೆ. ಟೇಲ್‌ವಿಂಡ್ ನಿಮ್ಮ ಕೋಡನ್ನು ಓಡಿಸಿ ನೋಡುವುದಿಲ್ಲ. ಫೈಲ್‌ಗಳನ್ನು ಬರೀ ಅಕ್ಷರಗಳಂತೆ ಓದುತ್ತದೆ. ಕ್ಲಾಸ್‌ನ ಪೂರ್ತಿ ಹೆಸರು ಎಲ್ಲಾದರೂ ಕಂಡರೆ ಮಾತ್ರ ಅದಕ್ಕೆ ಸಿಎಸ್‌ಎಸ್ ಬರೆಯುತ್ತದೆ. ನನ್ನ ಕೋಡ್‌ನಲ್ಲಿ 'ಬಿಜಿ-' ಒಂದು ಕಡೆ ಇತ್ತು, 'ರೆಡ್' ಇನ್ನೊಂದು ಕಡೆ. ಅವು ಒಂದಾಗುವುದು ಬ್ರೌಸರ್‌ನಲ್ಲಿ. ಅಷ್ಟರಲ್ಲಿ ಸಿಎಸ್‌ಎಸ್ ಫೈಲ್ ತಯಾರಾಗಿರುತ್ತದೆ. ಹಾಗಾದರೆ ಮೊದಲು ಕೆಂಪು ಬಂದಿದ್ದು ಹೇಗೆ? ಆ ಟ್ರಯಲ್ ಪೇಜ್‌ನಲ್ಲಿ ಒಂದು ಎರರ್ ಮೆಸೇಜ್‌ಗೆ 'ಬಿಜಿ-ರೆಡ್-100' ಅಂತ ಪೂರ್ತಿ ಬರೆದಿದ್ದೆ. ಪಕ್ಕದ ಮನೆಯ ದೀಪದಲ್ಲಿ ಓದಿಕೊಂಡ ಹಾಗೆ ನನ್ನ ಪಟ್ಟಿ ಅದರ ಮೇಲೆ ನಡೆಯುತ್ತಿತ್ತು. ಕೋಡ್ ಸರಿಯಾಗಿದೆ ಅಂತ ನಾನು ನಂಬಿದ್ದು ಅದರಿಂದಲೇ.

ಅಕಾಲ ಮಳೆಯ ಸಮಯ ಅದು. ಒದ್ದೆ ಚೆರ್ರಿ, ಒಣಗಿದ ಮೂಟೆಗಳ ಜೊತೆ ಸ್ಟಾಕ್ ಆಯಿತು. ಬೂಷ್ಟಿನ ವಾಸನೆ ಬಂದ ಮೇಲೆ ಗೊತ್ತಾಯಿತು. ಆ ವಾಸನೆ ಹಿಡಿದರೆ ಹುರಿದರೂ ಹೋಗುವುದಿಲ್ಲ. ದರ ಇಳಿಸಿ ಮಾರಿದರು. ನನ್ನ ಬಾಕಿ ನಾನು ಕೇಳಲಿಲ್ಲ, ಮುಂದಿನ ಕೆಲಸ ಬೇರೆಯವರಿಗೆ ಹೋಯಿತು.

ಅದಕ್ಕೇ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಮೊದಲು ಸ್ಥಿತಿಗೆ ಹೆಸರಿಡಿ. ಒಣ, ಅಂಚು, ಒದ್ದೆ. ಯಾವುದು ಅಂತ ಸ್ಕ್ರಿಪ್ಟ್‌ನಲ್ಲಿ ಒಂದೇ ಕಡೆ ತೀರ್ಮಾನವಾಗಲಿ. ಒಂದೊಂದು ಹೆಸರಿನ ಎದುರಿಗೂ ಪೂರ್ತಿ ಕ್ಲಾಸ್‌ಗಳನ್ನು ಬರೆದ ಒಂದು ಮ್ಯಾಪ್ ಇಡಿ. ಟೆಂಪ್ಲೇಟ್ ಅದರಿಂದ ಎತ್ತಿಕೊಳ್ಳಲಿ, ಸಾಕು. ಕೋಡ್ ಉದ್ದವಾಗುತ್ತದೆ, ಆಗಲಿ ಬಿಡಿ. ಸಾಲು ಸೆಲೆಕ್ಟ್ ಆಗಿದೆಯಾ ಇಲ್ಲವಾ ಅನ್ನುವಂಥ ಹೌದು-ಇಲ್ಲಕ್ಕೆ ಆಬ್ಜೆಕ್ಟ್ ಚೆನ್ನಾಗಿರುತ್ತದೆ. ಟರ್ನರಿಯೊಳಗೆ ಟರ್ನರಿ ಮಾತ್ರ ಬೇಡವೇ ಬೇಡ. ರಿಯಾಕ್ಟ್, ಆಂಗ್ಯುಲರ್‌ನಲ್ಲೂ ಇದೇ ಮಾತು.

ಇನ್ನೊಂದು. ನೀವು 'ಬಿಜಿ-ವೈಟ್' ಅನ್ನು ಮಾಮೂಲಿ ಕ್ಲಾಸ್‌ನಲ್ಲಿಟ್ಟು, ಅದರ ಮೇಲೆ ಕೆಂಪು ಸೇರಿಸುತ್ತಿದ್ದೀರಿ. ವ್ಯೂ ಎರಡನ್ನೂ ಸೇರಿಸಿಯೇ ಹಾಕುತ್ತದೆ. ಗೆಲ್ಲುವುದು ಸಿಎಸ್‌ಎಸ್ ಫೈಲ್‌ನಲ್ಲಿ ಕೆಳಗಿರುವುದು, ನೀವು ಕ್ಲಾಸ್‌ನಲ್ಲಿ ಕೊನೆಗೆ ಬರೆದಿದ್ದಲ್ಲ. ಬಿಳಿಯನ್ನೂ ಮ್ಯಾಪ್‌ಗೇ ಹಾಕಿ.

ಕೋಡ್‌ನಲ್ಲಿ ಕಾಣದಿದ್ದರೂ ಈ ಕ್ಲಾಸ್‌ಗಳನ್ನು ಇಡು ಅಂತ ಟೇಲ್‌ವಿಂಡ್‌ಗೆ ಹೇಳುವ ಸೇಫ್‌ಲಿಸ್ಟ್ ಇದೆಯಲ್ಲ ಅಂತ ಯಾರಾದರೂ ಹೇಳಬಹುದು. ಆ ಪಟ್ಟಿ ಕೋಡ್‌ನಿಂದ ದೂರ ಇರುತ್ತದೆ, ಬಣ್ಣ ಬದಲಿಸುವಾಗ ಮರೆತುಹೋಗುತ್ತದೆ. ಡೇಟಾಬೇಸ್‌ನಿಂದ ಬಣ್ಣ ಬರುತ್ತಿದ್ದರೆ, ಅಲ್ಲಿ ಬಣ್ಣದ ಬದಲು ಸ್ಥಿತಿ ಇಡಿ.

ಜೊತೆಗೆ ಸಾಲಿನಲ್ಲಿ 'ಒದ್ದೆ' ಅಂತ ಬರೆದೂ ತೋರಿಸಿ. ಬಣ್ಣವೊಂದರಿಂದಲೇ ವಿಷಯ ಹೇಳಬಾರದು ಅಂತ, ವೆಬ್ ಎಲ್ಲರಿಗೂ ಬಳಸಲು ಬರಬೇಕು ಅನ್ನುವ ಡಬ್ಲ್ಯೂಸಿಎಜಿ ಮಾರ್ಗಸೂಚಿಯಲ್ಲಿ 1.4.1 ನಿಯಮವೇ ಇದೆ. ಬಿಸಿಲಲ್ಲಿ ಟ್ಯಾಬ್ ಹಿಡಿದವರಿಗೂ, ಕೆಂಪು ಹಸಿರು ಗುರುತಿಸಲಾಗದವರಿಗೂ ಆ ಪದ ಬೇಕು. ನನ್ನ ಪಟ್ಟಿಯಲ್ಲಿ ಅದೊಂದು ಇದ್ದಿದ್ದರೆ ಮೂಟೆ ಒಳಗೆ ಹೋಗುತ್ತಿರಲಿಲ್ಲ.

ಈಗಲೇ ಬಿಲ್ಡ್ ಮಾಡಿ, ಸಿಎಸ್‌ಎಸ್ ಫೈಲ್ ತೆರೆದು, ನಿಮ್ಮ ಪ್ರತಿ ಬಣ್ಣದ ಕ್ಲಾಸ್ ಹುಡುಕಿ. ಒಂದು ಸಿಗದಿದ್ದರೂ ಆ ಅಂಟಿಸಿದ ಸಾಲನ್ನು ತೆಗೆಯದೆ ಡಿಪ್ಲಾಯ್ ಮಾಡಬೇಡಿ.