ಶಾಲಾ ಮಕ್ಕಳನ್ನು ಕಾಲೇಜಿಗೆ ಅಣಿಗೊಳಿಸುವ ಅಮೆರಿಕದ ‘ಆ್ಯವಿಡ್’ ಕಾರ್ಯಕ್ರಮದ ತರಗತಿಯಲ್ಲಿ ಟ್ಯೂಟರ್ ಉತ್ತರವನ್ನೇ ಹೇಳುವುದಿಲ್ಲವಂತೆ. ಹಾಗಾದರೆ ಮಕ್ಕಳು ಕಲಿಯುವುದು ಹೇಗೆ?

ಹೌದು, ಹೇಳುವುದಿಲ್ಲ, ಅದರ ಜೀವಾಳವೇ ಅದು. ಬಿಡಿಸಲಾಗದ ಲೆಕ್ಕವನ್ನು ವಿದ್ಯಾರ್ಥಿ ಬರೆದು ತರಬೇಕು. ಎಲ್ಲಿಯವರೆಗೆ ಬಿಡಿಸಿದೆ, ಯಾವ ಹಂತದಲ್ಲಿ ತಡವರಿಸಿದೆ ಎಂಬುದೂ ಅದರಲ್ಲಿರಬೇಕು. ಅವನು ಬೋರ್ಡಿನ ಮುಂದೆ ನಿಂತರೆ ಗುಂಪಿನ ಸಹಪಾಠಿಗಳು ‘ಈ ಮೈನಸ್ ಎಲ್ಲಿಂದ ಬಂತು?’ ಎಂದು ಕೇಳುತ್ತಾ ಹೋಗುತ್ತಾರೆ. ಟ್ಯೂಟರ್ ಹೆಚ್ಚಾಗಿ ಕಾಲೇಜು ವಿದ್ಯಾರ್ಥಿ. ಚರ್ಚೆ ದಾರಿ ತಪ್ಪದಂತೆ ನೋಡಿಕೊಳ್ಳುತ್ತಾನೆ.

1980ರಲ್ಲಿ ಸ್ಯಾನ್ ಡಿಯಾಗೊದ ಕ್ಲೇರ್‌ಮಾಂಟ್ ಹೈಸ್ಕೂಲಿನ ಇಂಗ್ಲಿಷ್ ಶಿಕ್ಷಕಿ ಮೇರಿ ಕ್ಯಾಥರೀನ್ ಸ್ವಾನ್ಸನ್ ಇದನ್ನು ಆರಂಭಿಸಿದ್ದು ಸಾಧಾರಣ ಅಂಕ ಪಡೆಯುವ ಮಕ್ಕಳಿಗಾಗಿ. ಅಂಥವರಿಗೆ ಸುಲಭದ ಪಾಠ ಕೊಟ್ಟು ಕೈತೊಳೆದುಕೊಳ್ಳದೆ, ಕಠಿಣ ವಿಷಯಗಳಿಗೇ ಸೇರಿಸಿ ಬೆನ್ನಿಗೆ ನಿಂತದ್ದು ನನಗೆ ಬಹಳ ಮೆಚ್ಚುಗೆಯಾದ ಸಂಗತಿ. ಕಾಲೇಜು ಪ್ರವೇಶದ ತಯಾರಿಯೂ ಶಾಲೆಯ ವೇಳಾಪಟ್ಟಿಯೊಳಗೇ ನಡೆಯುತ್ತದೆ. ಹಾಗಾಗಿ ಸಂಜೆ ಕೆಲಸಕ್ಕೆ ಹೋಗುವ ಹುಡುಗಿಗೂ ಅದು ತಪ್ಪುವುದಿಲ್ಲ.